ಎದೆ ಮುಟ್ಟದೇ ಉಸಿರು ಎಣಿಸೋ ರಾಡಾರ್, ಬಂದ ದಾರಿ

ಮಗುಗೆ ಕೆಮ್ಮು ಅಂದ್ರೆ ಆಶಾ ಕಾರ್ಯಕರ್ತೆ ಅಂಗಿ ಮೇಲೆತ್ತಿ ಹೊಟ್ಟೆ ಮೇಲೇ ಕಣ್ಣಿಟ್ಟು ಪೂರ್ತಿ ಒಂದು ನಿಮಿಷ ಉಸಿರು ಎಣಿಸ್ತಾರೆ. ಎರಡು ತಿಂಗಳು ತುಂಬಿ ಇನ್ನೂ ವರ್ಷ ಆಗದ ಮಗುಗೆ 50 ಮುಟ್ಟಿದ್ರೆ ನ್ಯುಮೋನಿಯಾ ಅನುಮಾನ. ಮಧ್ಯದಲ್ಲಿ ಮಗು ಅತ್ತರೆ ಲೆಕ್ಕ ಹೋಯ್ತು, ಮತ್ತೆ ಒಂದರಿಂದ ಶುರು. ಮುಟ್ಟದೇ ಎಣಿಸೋ ಮೆಷಿನ್ ಬೇಕು ಅನ್ನೋದು ಅದಕ್ಕೇ.

ಈ ಐಡಿಯಾ ಹೊಸದೇನಲ್ಲ. ಮೈಕ್ರೋವೇವ್ ಅಲೆ ಹಾಯಿಸಿ ದೂರದಿಂದ್ಲೇ ಉಸಿರು ಅಳೀಬಹುದು ಅಂತ ಅಮೆರಿಕದಲ್ಲಿ ಜೇಮ್ಸ್ ಲಿನ್ 1975ರಲ್ಲೇ ಪೇಪರ್ ಬರೆದಿದ್ರು. ಉಸಿರು ಎಳೆದಾಗ ಎದೆ ಕೆಲವೇ ಮಿಲಿಮೀಟರ್ ಮುಂದೆ ಬರುತ್ತೆ ಅಷ್ಟೇ, ಆದ್ರೆ 60 ಗಿಗಾಹರ್ಟ್ಸ್ ರಾಡಾರ್ ಅಲೆಯ ಉದ್ದಾನೇ 5 ಮಿಲಿಮೀಟರ್, ಹಾಗಾಗಿ ಎದೆ ಒಂದು ಮಿಲಿಮೀಟರ್ ಸರಿದ್ರೂ ಅಲೆ ಹೋಗಿ ಬರೋ ದಾರಿ ಎರಡು ಮಿಲಿಮೀಟರ್ ಬದಲಾಗಿ, ವಾಪಸ್ ಬರೋ ಅಲೆಯ ಫೇಸ್ (ಅಲೆ ತನ್ನ ಏರಿಳಿತದಲ್ಲಿ ಎಲ್ಲಿದೆ ಅನ್ನೋದು, ಒಂದು ಪೂರ್ತಿ ಏರಿಳಿತ ಅಂದ್ರೆ 360 ಡಿಗ್ರಿ) 144 ಡಿಗ್ರಿ ತಿರುಗಿಬಿಡುತ್ತೆ. ಇಷ್ಟು ದೊಡ್ಡ ಬದಲಾವಣೆ ಹಿಡಿಯೋದು ಕಷ್ಟ ಅಲ್ಲ.

ಕಷ್ಟ ಇರೋದು ಬೇರೆ ಕಡೆ. ಕೈ ಆಡಿಸಿದ್ರೆ, ಪಕ್ಕದಲ್ಲಿ ಯಾರಾದ್ರೂ ನಡೆದ್ರೆ, ಫ್ಯಾನ್ ತಿರುಗಿದ್ರೆ ಉಸಿರಿನ ಸಣ್ಣ ಅಲುಗಾಟ ಅದರಲ್ಲೇ ಮುಚ್ಚಿಹೋಗುತ್ತೆ. ಹಾಗಾಗಿ ಕಳಿಸೋ ಅಲೆಯ ಫ್ರೀಕ್ವೆನ್ಸಿ ಏರಿಸ್ತಾ ಹೋಗಿ, ವಾಪಸ್ ಬಂದ ಅಲೆಯ ಫ್ರೀಕ್ವೆನ್ಸಿ ಎಷ್ಟು ಹಿಂದಿದೆ ಅಂತ ನೋಡಿ, ಯಾವ ದೂರದಿಂದ ಏನು ಬಂತು ಅಂತ ಬೇರೆ ಬೇರೆ ಮಾಡೋ ವಿಧಾನ ಹಿಡಿದ್ರು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ದೀನಾ ಕತಾಬಿ ತಂಡ 2015ರಲ್ಲಿ 8 ಮೀಟರ್ ದೂರದಿಂದ ಒಂದಕ್ಕಿಂತ ಹೆಚ್ಚು ಜನರ ಉಸಿರು ಒಟ್ಟಿಗೇ ಅಳೆದು ತೋರಿಸಿತು.

ಅದೇ ವರ್ಷ ನೇಪಾಳದಲ್ಲಿ ಭೂಕಂಪ. ನಾಸಾ ಮಾಡಿದ್ದ ಫೈಂಡರ್ ಅನ್ನೋ ಸೂಟ್‌ಕೇಸ್ ಸೈಜಿನ ರಾಡಾರ್ ಅಲ್ಲಿನ ಚೌತಾರಾ ಅನ್ನೋ ಊರಲ್ಲಿ ಇಟ್ಟಿಗೆ ಮಣ್ಣಿನ ಅಡಿ ಸಿಕ್ಕಿಕೊಂಡಿದ್ದ 4 ಜನರ ಎದೆಬಡಿತ ಹಿಡಿದು, ಅವ್ರನ್ನ ಜೀವಂತ ಹೊರಗೆ ತೆಗೆಯೋಕೆ ದಾರಿ ತೋರಿಸ್ತು. ಇದನ್ನ ಓದಿದ್ಮೇಲೆ ಈ ಟೆಕ್ನಾಲಜಿನ ಬರೀ ಗ್ಯಾಜೆಟ್ ಅನ್ನೋಕೆ ನನಗೆ ಮನಸ್ಸೇ ಬರಲ್ಲ.

ನಮ್ಮಲ್ಲಿ ಅಡ್ಡಿ ಆಗಿದ್ದು ತರಂಗಾಂತರದ ರೂಲ್ಸು. 60 ಗಿಗಾಹರ್ಟ್ಸ್ ರಾಡಾರ್ ಇದ್ದ ಗೂಗಲ್‌ನ ಪಿಕ್ಸೆಲ್ 4 ಫೋನ್ 2019ರಲ್ಲಿ ಭಾರತಕ್ಕೆ ಬರಲೇ ಇಲ್ಲ, ಆ ಬ್ಯಾಂಡ್‌ಗೆ ಇಲ್ಲಿ ಪರ್ಮಿಷನ್ ಇರ್ಲಿಲ್ಲ. ಅದೇ ರಾಡಾರನ್ನ ಗೂಗಲ್ 2021ರಲ್ಲಿ ಮಂಚದ ಪಕ್ಕ ಇಡೋ ನೆಸ್ಟ್ ಹಬ್ ಅನ್ನೋ ಸ್ಕ್ರೀನ್ ಇರೋ ಸ್ಮಾರ್ಟ್ ಸ್ಪೀಕರ್‌ಗೆ ಹಾಕಿ ನಿದ್ದೆಯಲ್ಲಿ ಉಸಿರು ಎಣಿಸೋಕೆ ಬಿಡ್ತು.

ಆದ್ರೆ ಅದು ಎಣಿಸೋದು ತನಗೆ ಹತ್ರ ಮಲಗಿರೋ ಒಬ್ಬರದ್ದು ಮಾತ್ರ. ನಮ್ಮ ಮನೆಗಳಲ್ಲಿ ಕೂಸು ಮಲಗೋದು ಅಮ್ಮನ ಮಗ್ಗುಲಲ್ಲಿ, ಒಂದೇ ಹೊದಿಕೆ ಒಳಗೆ, ರಾಡಾರಿಗೆ ಇಬ್ಬರೂ ಹೆಚ್ಚುಕಮ್ಮಿ ಒಂದೇ ದೂರ. ಅಲ್ಲಿ ಅಮ್ಮನ ಉಸಿರು ಯಾವುದು, ಕೂಸಿನದು ಯಾವುದು ಅಂತ ಬಿಡಿಸೋದೇ ಈಗ ಆಗಬೇಕಿರೋ ಕೆಲ್ಸ.