ಪೊಲೀಸರ ಹತ್ರ ಹೇಳೋಕೆ ಭಾಷೇನೇ ಇರಲಿಲ್ಲ

ಬೆಳಿಗ್ಗೆ ಏಳೋವಾಗ ತಲೆ ಸಿಡೀತಿತ್ತು, ಹಾಸಿಗೆ ಮೇಲೆ ರಕ್ತ, ಕೈಯಲ್ಲಿ ಹಗ್ಗದ ಗುರುತು, ರಾತ್ರಿ ಏನಾಯ್ತು ಅನ್ನೋದು ಮಾತ್ರ ನೆನಪಿಲ್ಲ. ದಕ್ಷಿಣ ಅಮೆರಿಕದ ಬೋಲಿವಿಯಾದಲ್ಲಿ, ಹೊರಜಗತ್ತಿಂದ ದೂರ ಬದುಕೋ ಮೆನೊನೈಟ್ ಅನ್ನೋ ಕ್ರಿಶ್ಚಿಯನ್ ಪಂಥದವರ ಮ್ಯಾನಿಟೋಬಾ ಕಾಲೊನಿಲಿ 2005ರಿಂದ 2009ರ ತನಕ ಎಷ್ಟೋ ಮನೇಲಿ ಹೀಗಾಗ್ತಿತ್ತು. ದೆವ್ವದ ಕಾಟ ಅಂದ್ರು, ಹೆಂಗಸರ ಕಲ್ಪನೆ ಅಂದ್ರು. ನಿಜ ಏನಂದ್ರೆ ಅವರ ಊರಿನ ಗಂಡಸರೇ ದನಗಳಿಗೆ ಮಂಪರು ಬರಿಸೋ ಔಷಧೀನ ಕಿಟಕಿಯಿಂದ ಸ್ಪ್ರೇ ಮಾಡಿ, ಇಡೀ ಮನೆಗೆ ಪ್ರಜ್ಞೆ ತಪ್ಪಿದ ಮೇಲೆ ಒಳಗೆ ನುಗ್ತಿದ್ರು. 3 ವರ್ಷದ ಮಗುವಿಂದ 65ರ ಅಜ್ಜಿ ತನಕ 100ಕ್ಕೂ ಹೆಚ್ಚು ಜನರ ಮೇಲೆ ಅತ್ಯಾಚಾರ ಆಯ್ತು.

ಸಾರಾ ಪೊಲಿಯ 2022ರ ಸಿನಿಮಾ 'ವಿಮೆನ್ ಟಾಕಿಂಗ್' ಹಿಂದಿರೋದು ಇದೇ ಘಟನೆ, ಆಧಾರ ಮಿರಿಯಮ್ ಟೇವ್ಸ್ 2018ರಲ್ಲಿ ಬರೆದ ಕಾದಂಬರಿ, ಅವರೂ ಮೆನೊನೈಟ್ ಊರಲ್ಲೇ ಬೆಳೆದವರು. ಸುಮ್ನಿರೋದಾ, ಉಳಿದು ಹೋರಾಡೋದಾ, ಬಿಟ್ಟು ಹೋಗೋದಾ ಅಂತ ಹೆಂಗಸರು ವೋಟ್ ಹಾಕೋ ಸೀನ್ ಇದೆ, ಓದು ಬರಲ್ವಲ್ಲ, ಅದಕ್ಕೆ ಚಿತ್ರ ಬರೆದು ಅದರ ಕೆಳಗೆ ಗುರುತು ಹಾಕ್ತಾರೆ. ನನ್ನನ್ನ ಈಗಲೂ ಕಾಡೋದು ಆ ಗುರುತು. ಇವರಿಗೆ ಓದು ಯಾಕೆ ಬರಲ್ಲ?

ಅದಕ್ಕೆ 500 ವರ್ಷದ ಕಥೆ ಇದೆ. ಆಯುಧ ಹಿಡಿಯಲ್ಲ, ಬುದ್ಧಿ ಬಂದ ಮೇಲೇ ದೀಕ್ಷಾಸ್ನಾನ ಅಂದಿದ್ದಕ್ಕೆ 16ನೇ ಶತಮಾನದ ಯುರೋಪಲ್ಲಿ ಈ ಪಂಥದವರನ್ನ ಸುಟ್ರು, ನೀರಲ್ಲಿ ಮುಳುಗಿಸಿದ್ರು. ಓಡಿದ್ರು, ರಷ್ಯಾಗೆ, 1870ರ ದಶಕದಲ್ಲಿ ಕೆನಡಾಗೆ. ಹೋದಲ್ಲೆಲ್ಲ ಸರ್ಕಾರದ ಹತ್ರ ಕೇಳಿದ್ದು ಇಷ್ಟೇ, ಸೈನ್ಯಕ್ಕೆ ಕರೀಬೇಡಿ, ನಮ್ಮ ಶಾಲೆ ನಮ್ಮ ಭಾಷೇಲಿ ನಾವೇ ನಡೆಸ್ಕೊತೀವಿ. ಕೆನಡಾದಲ್ಲಿ ಇಂಗ್ಲಿಷ್ ಶಾಲೆ ಕಡ್ಡಾಯ ಆದಾಗ ಕಟ್ಟಾ ಸಂಪ್ರದಾಯಸ್ಥರು 1920ರ ದಶಕದಲ್ಲಿ ಮೆಕ್ಸಿಕೋಗೆ ಹೊರಟ್ರು, ಆಮೇಲೆ ಬೋಲಿವಿಯಾಗೆ. ಜೀವ ಉಳಿಸ್ಕೊಳ್ಳೋಕೆ ಹಾಕ್ಕೊಂಡ ಬೇಲಿ ಅದು, ಆ ಭಯ ಸುಳ್ಳಲ್ಲ. ಆದ್ರೆ ಬೇಲಿಯೊಳಗೆ ಹುಡುಗೀರ ಶಾಲೆ 12ನೇ ವಯಸ್ಸಿಗೇ ಮುಗಿಯುತ್ತೆ, ಬರೋದು ಪ್ಲಾಟ್‌ಡೀಚ್ ಅನ್ನೋ ಹಳೇ ಜರ್ಮನ್ ನುಡಿ ಒಂದೇ, ಹೊರಗಿನ ಪೊಲೀಸು, ಡಾಕ್ಟರು, ಕೋರ್ಟು ಎಲ್ಲಾ ಸ್ಪ್ಯಾನಿಷ್. ಯಾರಿಗೆ ಹೋಗಿ ಹೇಳ್ತಾರೆ, ಹೇಗೆ ಹೇಳ್ತಾರೆ?

2009ರಲ್ಲಿ ಇಬ್ಬರು ಮನೆಗೆ ನುಗ್ಗೋವಾಗ ಸಿಕ್ಕಿಬಿದ್ರು, ಉಳಿದವರ ಹೆಸರು ಬಾಯಿಬಿಟ್ರು. 2011ರಲ್ಲಿ 7 ಜನಕ್ಕೆ 25 ವರ್ಷ ಜೈಲು, ಔಷಧಿ ಕೊಟ್ಟ ಪಶುವೈದ್ಯನಿಗೆ 12.

ಸಿನಿಮಾದ ಹೆಂಗಸರು ಗಾಡಿ ಕಟ್ಕೊಂಡು ಹೊರಡ್ತಾರೆ. ಮ್ಯಾನಿಟೋಬಾದಲ್ಲಿ ಹಾಗೆ ಎಲ್ಲರೂ ಹೊರಡೋ ದಿನ ಬರಲಿಲ್ಲ. ಅವರದೇ ಭಾಷೇಲಿ ಕೌನ್ಸೆಲಿಂಗ್ ಕೊಡ್ತೀವಿ ಅಂತ ಹೊರಗಿನ ಮೆನೊನೈಟರು ಮುಂದೆ ಬಂದ್ರೆ, ಕಾಲೊನಿ ಹಿರಿಯರು ಬೇಡ ಅಂದ್ರು. ಆಗ ಆ ಹೆಂಗಸರಿಗೆ ಎಚ್ಚರವೇ ಇರಲಿಲ್ವಲ್ಲ, ಯಾಕೆ ಬೇಕು ಅಂತ.