ಸ್ಟೇಷನ್ ಕೆಡವಿದ ಮೇಲೂ ಉಳಿದ ನಾರ್ತ್ ಪ್ಲಾಟ್ ಕ್ಯಾಂಟೀನ್

ಅಮೆರಿಕದ ನೆಬ್ರಾಸ್ಕಾದಲ್ಲಿ ನಾರ್ತ್ ಪ್ಲಾಟ್ ಅಂತ ಒಂದು ರೈಲ್ವೆ ಊರಿದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲಿದ್ದವರು ಸುಮಾರು 12 ಸಾವಿರ ಜನ. ಆದರೂ ಅವರು ಸುತ್ತಲಿನ ಊರುಗಳ ಜೊತೆ ಸೇರಿ 60 ಲಕ್ಷದಷ್ಟು ಸೈನಿಕರಿಗೆ ಪುಕ್ಕಟೆ ತಿಂಡಿ, ಕಾಫಿ ಕೊಟ್ಟರು.

ಶುರುವಾಗಿದ್ದು ಒಂದು ಎಡವಟ್ಟಿನಿಂದ. 1941ರ ಡಿಸೆಂಬರ್ 17ರಂದು ನೆಬ್ರಾಸ್ಕಾದ 'ಡಿ' ಕಂಪನಿ ಅನ್ನೋ ಸೇನಾ ತುಕಡಿಯ ಹುಡುಗರು ರೈಲಿನಲ್ಲಿ ಬರುತ್ತಾರೆ ಅಂತ ಸುದ್ದಿ ಹಬ್ಬಿತು. ಮನೆಯವರೆಲ್ಲ ತಿಂಡಿ, ಉಡುಗೊರೆ ಹಿಡಿದು ಸ್ಟೇಷನ್‌ನಲ್ಲಿ ಕಾದರು. ಬಂದಿದ್ದು ಕ್ಯಾನ್ಸಸ್‌ನ 'ಡಿ' ಕಂಪನಿ! ತಂದಿದ್ದನ್ನು ವಾಪಸ್ ಒಯ್ಯೋದು ಹೇಗೆ, ಅವರಿಗೇ ಕೊಟ್ಟರು. ಅಲ್ಲಿದ್ದ ರೇ ವಿಲ್ಸನ್ ಎಂಬ ಯುವತಿ, ಬರುವ ಎಲ್ಲ ಸೈನಿಕರಿಗೂ ಹೀಗೇ ಮಾಡೋಣ ಅಂತ ಊರಿನ ಪತ್ರಿಕೆಗೆ ಬರೆದರು. ಕ್ರಿಸ್‌ಮಸ್ ದಿನವೇ ಕ್ಯಾಂಟೀನ್ ಶುರುವಾಯಿತು. ಸ್ಟೇಷನ್‌ನಲ್ಲೇ ಜಾಗ ಕೊಟ್ಟಿದ್ದು ಯೂನಿಯನ್ ಪೆಸಿಫಿಕ್ ರೈಲ್ವೆ ಕಂಪನಿ. ಅದರ ಅಧ್ಯಕ್ಷ ವಿಲಿಯಂ ಜೆಫರ್ಸ್ ಅದೇ ಊರಿನವರು.

ಸ್ಟೀಮ್ ಎಂಜಿನ್‌ಗೆ ನೀರು, ಎಣ್ಣೆ ಹಾಕುವಷ್ಟು ಹೊತ್ತು, ಅಂದ್ರೆ ಹತ್ತು-ಹದಿನೈದು ನಿಮಿಷ ರೈಲು ನಿಲ್ಲುತ್ತಿತ್ತು. ಅಷ್ಟರಲ್ಲೇ ಹುಡುಗರು ಓಡಿಬಂದು ಸ್ಯಾಂಡ್‌ವಿಚ್, ಬೇಯಿಸಿದ ಮೊಟ್ಟೆ, ಕೇಕು ತಿಂದು ಮತ್ತೆ ರೈಲು ಹತ್ತಬೇಕು. ದಿನಕ್ಕೆ ಮೂರರಿಂದ ಐದು ಸಾವಿರ ಜನ! ಅದೂ ಸಕ್ಕರೆ, ಕಾಫಿ, ಪೆಟ್ರೋಲ್ ಎಲ್ಲದಕ್ಕೂ ರೇಷನ್ ಇದ್ದ ಕಾಲ. ಹೆಂಗಸರು ತಮ್ಮ ಮನೆಯ ಪಾಲಿನ ಸಕ್ಕರೆ ಉಳಿಸಿ ಹುಟ್ಟುಹಬ್ಬದ ಕೇಕು ಮಾಡಿ ತರುತ್ತಿದ್ದರು, ರೈತರು ಮೊಟ್ಟೆ, ಹಾಲು, ಬೇಟೆಯಾಡಿದ ಫೆಸೆಂಟ್ ಹಕ್ಕಿ ಕೊಡುತ್ತಿದ್ದರು, ಸುಮಾರು 125 ಊರುಗಳವರು ಸರದಿ ಹಾಕಿಕೊಂಡು ದೂರದಿಂದ ಬಂದು ಬಡಿಸಿ ಹೋಗುತ್ತಿದ್ದರು. ಸರ್ಕಾರದ ದುಡ್ಡಿಲ್ಲ. ಅಧ್ಯಕ್ಷ ರೂಸ್‌ವೆಲ್ಟ್ ಕಳಿಸಿದ್ದು ತಮ್ಮ ಕೈಯಿಂದ 5 ಡಾಲರ್, ಅಷ್ಟೇ. ಮಿಕ್ಕಿದ್ದೆಲ್ಲ ಚಂದಾ, ಗುಜರಿ ಮಾರಾಟ, ಡ್ಯಾನ್ಸ್ ಕಾರ್ಯಕ್ರಮಗಳಿಂದ ಬಂತು. 1946ರ ಏಪ್ರಿಲ್ 1ಕ್ಕೆ ಕ್ಯಾಂಟೀನ್ ಮುಚ್ಚಿತು.

ಆಮೇಲಿನ ಕಥೆ ಬೇಜಾರಿನದು. 1971ರಲ್ಲಿ ಪ್ರಯಾಣಿಕರ ರೈಲು ನಿಂತಿತು, 1973ರಲ್ಲಿ ರೈಲ್ವೆ ಕಂಪನಿ ಸ್ಟೇಷನ್ ಕಟ್ಟಡವನ್ನೇ ಕೆಡವಲು ಶುರುಮಾಡಿತು. ಆ ಕಂಪನಿಯೇ ಊರು ಬಿಟ್ಟು ಹೋಗಿದ್ದರೆ ಮಾತು ಬೇರೆ. ಅದರ ಬೇಲಿ ಯಾರ್ಡ್ ಅನ್ನೋ ದೊಡ್ಡ ಗೂಡ್ಸ್ ಯಾರ್ಡ್ ಇವತ್ತಿಗೂ ಅಲ್ಲೇ ಇದೆ. ಅಷ್ಟು ಜಾಗವಿದ್ದವರಿಗೆ ಆ ಒಂದು ಕಟ್ಟಡ ಭಾರವಾಯಿತಾ ಅಂತ ನನಗಂತೂ ಅನಿಸುತ್ತದೆ. ಈಗ ಆ ಜಾಗದಲ್ಲಿ ಒಂದು ಚಿಕ್ಕ ಸ್ಮಾರಕವಿದೆ, ಲಿಂಕನ್ ಕೌಂಟಿ ಮ್ಯೂಸಿಯಂನಲ್ಲಿ ಕ್ಯಾಂಟೀನಿನ ಪ್ರದರ್ಶನವಿದೆ.

ನನಗೆ ಇವೆರಡಕ್ಕಿಂತ ಜಾಸ್ತಿ ಹಿಡಿಸಿದ್ದು 2018ರ ಸ್ಮರಣೆ. ತರಬೇತಿ ಮುಗಿಸಿ ಬಸ್ಸುಗಳಲ್ಲಿ ಊರಿಗೆ ಹೊರಟಿದ್ದ ಅರ್ಕಾನ್ಸಸ್‌ನ ಸುಮಾರು 700 ಸೈನಿಕರು ದಾರಿಯಲ್ಲಿ ಇಲ್ಲಿ ನಿಂತರು. ಊರವರು ಎರಡು ದಿನ ಮತ್ತೆ ಕ್ಯಾಂಟೀನ್ ತೆರೆದು ಅವರಿಗೆ ಊಟ ಹಾಕಿದರು.