ಯಾವ ಹೆಗಡೇರು?

ಶಿರಸಿ ಪೇಟೆಯಲ್ಲಿ ನಿಂತು 'ಹೆಗಡೇರು ಇದ್ದಾರಾ?' ಎಂದು ಕೂಗಿದರೆ ಹತ್ತು ತಲೆ ತಿರುಗುತ್ತವೆ. ನಮಗೆ ಬೇಕಾದ ಹೆಗಡೇರು ಅದರಲ್ಲಿ ಇರಬೇಕು ಅಂತೇನಿಲ್ಲ. ಡೇಟಾಬೇಸಿನಲ್ಲಿ ಟೆಂಪರರಿ ಟೇಬಲ್ (ಸ್ವಲ್ಪ ಹೊತ್ತಿನ ಕೆಲಸಕ್ಕೆ ಮಾಡಿಕೊಳ್ಳುವ ತಾತ್ಕಾಲಿಕ ಪಟ್ಟಿ) ಹುಡುಕುವಾಗ ನಾನೂ ಒಮ್ಮೆ ಹೀಗೇ ಕೂಗಿದ್ದೆ.

ಅಡಿಕೆ ವ್ಯಾಪಾರದ ಲೆಕ್ಕಕ್ಕೆ ಒಂದು ರಿಪೋರ್ಟ್ ಬರೆದುಕೊಟ್ಟಿದ್ದೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಬೇರೆ ಬೇರೆ ಕೂಡಿಸಲು #ಅಡಿಕೆ ಎಂಬ ಟೆಂಪರರಿ ಟೇಬಲ್. ಇಲ್ಲದಿದ್ದರೆ ಹೊಸದು ಮಾಡು, ಇದ್ದರೆ ಖಾಲಿ ಮಾಡಿ ಬಳಸು, ಇಷ್ಟೇ. ಬೆಳಿಗ್ಗೆ ಎಲ್ಲ ಸರಿ. ಮಧ್ಯಾಹ್ನ ಟೆಂಡರ್ ಮುಗಿದು ಎರಡೂ ಕೌಂಟರಿನವರು ಒಟ್ಟಿಗೆ ರಿಪೋರ್ಟ್ ತೆಗೆದರೆ ಎರಡನೆಯವರಿಗೆ 208ನೇ ನಂಬರಿನ ಎರರ್: ಅಂಥ ಟೇಬಲ್ಲೇ ಇಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಒಮ್ಮೆಯೂ ಬರಲಿಲ್ಲ. ಒಬ್ಬನೇ ಕೂತು ಓಡಿಸಿದರೆ ಬರುವುದಾದರೂ ಹೇಗೆ, ಅಲ್ವಾ?

ನಾನು ಬಳಸಿದ್ದು ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್. ಅದರಲ್ಲಿ ಎಲ್ಲರ ಟೆಂಪರರಿ ಟೇಬಲ್‌ಗಳೂ ಇರುವುದು ಟೆಂಪ್‌ಡಿಬಿ ಎಂಬ ಒಂದೇ ಡೇಟಾಬೇಸಿನಲ್ಲಿ. ಹೆಸರು ಡಿಕ್ಕಿ ಹೊಡೆಯಬಾರದೆಂದು ಸರ್ವರ್ ನಾವಿಟ್ಟ ಹೆಸರಾದ ಮೇಲೆ ಉದ್ದಕ್ಕೆ ಅಂಡರ್‌ಸ್ಕೋರ್ ಎಳೆದು, ಕೊನೆಗೊಂದು ನಂಬರ್ ಅಂಟಿಸುತ್ತದೆ. ಹೆಸರು 116 ಅಕ್ಷರ ದಾಟಬಾರದು ಎನ್ನುವುದು ಅದಕ್ಕೇ. ನಾನು ಟೆಂಪ್‌ಡಿಬಿಯ ಟೇಬಲ್ ಪಟ್ಟಿಯಲ್ಲಿ '#ಅಡಿಕೆ'ಯಿಂದ ಶುರುವಾಗುವ ಹೆಸರು ಇದೆಯಾ ಎಂದು ಲೈಕ್ (ಹೆಸರಿನ ಒಂದು ಭಾಗ ಹೊಂದಿದರೂ ಸಾಕು ಎನ್ನುವ ಹುಡುಕಾಟ) ಹಾಕಿ ನೋಡಿದ್ದೆ. ಇತ್ತು. ಆದರೆ ಪಕ್ಕದ ಕೌಂಟರಿನದು! 'ಇದೆಯಲ್ಲ' ಎಂದು ನನ್ನ ಕೋಡ್ ಹೊಸದು ಮಾಡಲಿಲ್ಲ. ಬಳಸಲು ಹೋದರೆ ತನ್ನ ಸೆಷನ್ನಿನಲ್ಲಿ, ಅಂದರೆ ಸರ್ವರ್ ಜೊತೆಗಿನ ತನ್ನ ಸಂಪರ್ಕದಲ್ಲಿ, ಏನೂ ಇಲ್ಲ.

ಹೆಸರು ಕೊಟ್ಟರೆ ಅದರ ಐಡಿ ನಂಬರ್ ಹೇಳುವ ಆಬ್ಜೆಕ್ಟ್_ಐಡಿ ಫಂಕ್ಷನ್‌ಗೆ 'ಟೆಂಪ್‌ಡಿಬಿ..#ಅಡಿಕೆ' ಎಂದು ಕೊಟ್ಟರೆ ಅದು ನಮ್ಮ ಸೆಷನ್ನಿನ ಟೇಬಲ್ ಮಾತ್ರ ನೋಡುತ್ತದೆ. ನಲ್ (ಖಾಲಿ ಉತ್ತರ) ಬಂದರೆ ಟೇಬಲ್ ಇಲ್ಲ ಎಂದರ್ಥ. ಹೆಸರಿಗೆ ಮೊದಲಿರುವ 'ಟೆಂಪ್‌ಡಿಬಿ..' ಬಿಟ್ಟರೆ ಸದ್ಯದ ಡೇಟಾಬೇಸಿನಲ್ಲಿ ಹುಡುಕಿ, ಟೇಬಲ್ ಇದ್ದರೂ ನಲ್ ಎನ್ನುತ್ತದೆ. 2016ರ ಆವೃತ್ತಿಯಿಂದ 'ಡ್ರಾಪ್ ಟೇಬಲ್ ಇಫ್ ಎಕ್ಸಿಸ್ಟ್ಸ್' (ಟೇಬಲ್ ಇದ್ದರೆ ಅಳಿಸು) ಬಂದಿದೆ. ನಾನೀಗ ಇದೆಯಾ ಎಂದು ಕೇಳುವುದನ್ನೇ ಬಿಟ್ಟು, ಅಳಿಸಿ ಹೊಸದು ಮಾಡುತ್ತೇನೆ.

ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಸಾಫ್ಟ್‌ವೇರಿನಲ್ಲಾದರೆ, ಇದೆಯಾ ಎಂದು ನೋಡಲು ಟು_ರೆಗ್‌ಕ್ಲಾಸ್ ಫಂಕ್ಷನ್‌ಗೆ 'ಪಿಜಿ_ಟೆಂಪ್.ಅಡಿಕೆ' ಕೊಡಿ. ಪಿಜಿ_ಟೆಂಪ್ ಎಂದರೆ ಯಾವಾಗಲೂ ನಮ್ಮ ಸೆಷನ್ನಿನದೇ.

ಮೈಎಸ್‌ಕ್ಯೂಎಲ್ ಎಂಬ ಮತ್ತೊಂದು ಸಾಫ್ಟ್‌ವೇರಿನಲ್ಲಿ ಹುಷಾರು. ಅಲ್ಲಿ ಶೋ ಟೇಬಲ್ಸ್ ಪಟ್ಟಿಯಲ್ಲಿ ಟೆಂಪರರಿ ಟೇಬಲ್ ಕಾಣುವುದೇ ಇಲ್ಲ. ಕಾಯಂ ಟೇಬಲ್ಲಿನ ಹೆಸರನ್ನೇ ಟೆಂಪರರಿಗೂ ಇಡಬಹುದು ಬೇರೆ. ಅಳಿಸುವಾಗ 'ಡ್ರಾಪ್ ಟೆಂಪರರಿ ಟೇಬಲ್ ಇಫ್ ಎಕ್ಸಿಸ್ಟ್ಸ್' ಎಂದೇ ಬರೆಯಿರಿ. ಆ 'ಟೆಂಪರರಿ' ಬಿಟ್ಟುಹೋಗಿ, ಆ ಹೊತ್ತಿಗೆ ಟೆಂಪರರಿ ಟೇಬಲ್ ಇಲ್ಲದಿದ್ದರೆ, ಹೋಗುವುದು ಕಾಯಂ ಟೇಬಲ್. ಆಮೇಲೆ ಬ್ಯಾಕಪ್ ಹುಡುಕುತ್ತ ಕೂರಬೇಕು.